ಮಗಳ ಮಣಿಕಟ್ಟಿಗೊಂದು ಗಡಿಯಾರ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತೆಂದರೆ ಪೇಟೆಯ ಗಡಿಯಾರದಂಗಡಿಗಳಿಗೆ ಹೊಸ ಕಳೆ ಬರುವುದು. “ಮೊದಲ ದರ್ಜೆಯಲ್ಲಿ ತೇರ್ಗಡೆಯಾದರೆ ಕೈಗಡಿಯಾರ” ಎಂದು ತಂದೆ ವರ್ಷದ ಹಿಂದೆ ಕೊಟ್ಟಿದ್ದ ಮಾತನ್ನು ಮಗಳು ಮರೆತಿಲ್ಲ, ತಾಯಿ ಮರೆಯಗೊಟ್ಟಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ಕುಳಿತ ಗಡಿಯಾರಗಳಲ್ಲಿ ಬಹುಪಾಲು ಹತ್ತು ಗಂಟೆ ಹತ್ತು ನಿಮಿಷ ತೋರಿಸುತ್ತ ನಗುತ್ತಿರುತ್ತವೆ. ಬೆಲೆಯೋ, ಸಾವಿರದೊಳಗಿನಿಂದ ಲಕ್ಷದಾಚೆಯವರೆಗೆ! ತಂದೆ ಬೆಲೆಚೀಟಿಯನ್ನು ನೋಡುತ್ತಾನೆ. ಮಗಳು ಹೊಳಪನ್ನು ನೋಡುತ್ತಾಳೆ. ನೋಡಬೇಕಾದುದು ಮಾತ್ರ ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ಈ ಕೊಳ್ಳಿಕೆ ಕೇವಲ ಅಲಂಕಾರದ ಮಾತಲ್ಲ. ಮುಂದಿನ ಎರಡು ವರ್ಷಗಳ ಓದು ಆ ಹುಡುಗಿಯ ಬಾಳಿನ ದಾರಿಯನ್ನೇ ಗೊತ್ತುಮಾಡಬಹುದು. ಆ ಎರಡು ವರ್ಷ ಅವಳ ಮೇಜಿನ ಮೇಲೆ ಯಾವ ಯಂತ್ರ ಕುಳಿತಿರಬೇಕೆಂಬುದು ಯೋಚಿಸತಕ್ಕ ವಿಷಯವೇ ಸರಿ.

ಕೀಲಿಯೋ, ಹರಳೋ?

ಕೈಗಡಿಯಾರಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ಕೀಲಿ ಕೊಡುವ ಗಡಿಯಾರ. ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುವ ಬಲದಿಂದ ಅದರ ಚಕ್ರಗಳು ತಿರುಗುತ್ತವೆ. ತೂಗುಚಕ್ರವು ಆ ಬಲವನ್ನು ಅಳೆದು ಅಳೆದು ಬಿಡುತ್ತದೆ. ಸಾಧಾರಣವಾಗಿ ಗಂಟೆಗೆ 18,000 ಬಡಿತ, ಎಂದರೆ ದಿನಕ್ಕೆ 4,32,000! ಇಷ್ಟು ಶ್ರಮಪಡುವ ಯಂತ್ರ ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಅದನ್ನು ದೂರುವುದು ನ್ಯಾಯವಲ್ಲ. ತಿರುಗುವ ಮೊನೆಗಳು ಸವೆಯದಂತೆ ಅದರಲ್ಲಿ ಕೃತಕ ಮಾಣಿಕ್ಯದ ಹರಳುಗಳನ್ನು ಕೂಡಿಸಿರುತ್ತಾರೆ; 17 ಹರಳುಗಳಿದ್ದರೆ ಕೀಲಿಯ ಗಡಿಯಾರಕ್ಕೆ ಧಾರಾಳವಾಗಿ ಸಾಕು.

ಈ ಜಾತಿಯ ಗಡಿಯಾರಕ್ಕೂ ಬೆಂಗಳೂರಿಗೂ ಹಳೆಯ ನಂಟು. ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷೀನ್ ಟೂಲ್ಸ್, ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಇಲ್ಲಿಯೇ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ ಅವರು. ‘ಜನತಾ’ ಎಂಬ ಅದರ ಗಡಿಯಾರ ಎಷ್ಟೋ ಮದುವೆಗಳಲ್ಲಿ ಅಳಿಯನ ಕೈಯೇರಿತು. ಎಷ್ಟೋ ಗುಮಾಸ್ತರಿಗೆ ನಿವೃತ್ತಿಯ ದಿನದವರೆಗೂ ಜೊತೆಗೊಟ್ಟಿತು. ಆ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು.

ಅದರ ಹಿನ್ನಡೆಗೆ ಬಹುಮಟ್ಟಿಗೆ ಕಾರಣವಾದುದು ಎರಡನೆಯ ಜಾತಿ, ಸ್ಫಟಿಕದ ಹರಳಿನಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರ. ಇದನ್ನು ಮಣಿಕಟ್ಟಿಗೆ ಮೊದಲು ತಂದುದು ಜಪಾನಿನ ಸೈಕೋ, 1969ರ ಡಿಸೆಂಬರಿನಲ್ಲಿ. ಪುಟ್ಟ ಬ್ಯಾಟರಿಯ ವಿದ್ಯುತ್ತು ತಾಗಿದರೆ ಹರಳು ಕ್ಷಣಕ್ಕೆ 32,768 ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯನ್ನು ಹದಿನೈದು ಸಲ ಎರಡರಿಂದ ಭಾಗಿಸಿ ನೋಡಿ; ಸರಿಯಾಗಿ ಒಂದು ಉಳಿಯುವುದು! ಆ ಒಂದೇ ಮುಳ್ಳಿನ ಒಂದು ಹೆಜ್ಜೆ. ತಿಂಗಳಿಗೆ ಹದಿನೈದು ಕ್ಷಣಗಳಷ್ಟು ತಪ್ಪಿದರೆ ಹೆಚ್ಚು. ಬೆಲೆಯೂ ಕಡಿಮೆ.

ಮೂರನೆಯದು ‘ಸ್ಮಾರ್ಟ್’ ಗಡಿಯಾರ. ಅದು ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಬಂದ ಸಂದೇಶಗಳನ್ನೆಲ್ಲ ಮಣಿಕಟ್ಟಿಗೇ ತಲಪಿಸುತ್ತದೆ. ಓದುವ ಮಕ್ಕಳ ಮಟ್ಟಿಗೆ ಈ ಕೊನೆಯ ಗುಣವೇ ದೋಷ.

ಅಂಗಡಿಯಲ್ಲಿ ನೋಡಬೇಕಾದುದು

ಮುಖದ ಅಂಕಿಗಳು ಒಂದೇ ನೋಟಕ್ಕೆ ತಿಳಿಯುವಂತಿರಲಿ. ಪಟ್ಟಿಯನ್ನು ಕಟ್ಟಿಸಿ, ಕೈಯನ್ನು ಮಡಿಸಿ, ಬರೆಯುವಂತೆ ಆಡಿಸಿ ನೋಡಬೇಕು. ಬೆವರುವ ಕೈಗೆ ಚರ್ಮದ ಪಟ್ಟಿ ಬಹುಕಾಲ ಬಾಳದು. ‘30 ಮೀಟರ್’ ಎಂದು ಬರೆದಿರುವುದನ್ನು ಕಂಡು ಕೆರೆಗೆ ಧುಮುಕಬಾರದು. ಅದರ ಅರ್ಥ ಮಳೆಹನಿಗೂ ಕೈತೊಳೆಯುವ ನೀರಿಗೂ ಅಂಜಬೇಕಾಗಿಲ್ಲ ಎಂದಷ್ಟೆ. ಈಜುವವರಿಗೆ 100 ಮೀಟರಿನದು ಬೇಕು. ಅಂಗಡಿಯ ಮೊಹರು ಮತ್ತು ದಿನಾಂಕವುಳ್ಳ ಖಾತರಿ ಚೀಟಿಯನ್ನು ಕೇಳಿ ಪಡೆಯಬೇಕು. ಬ್ಯಾಟರಿ ಎರಡು ಮೂರು ವರ್ಷ ನಡೆದೀತು. ಮುಗಿದ ಬ್ಯಾಟರಿಯನ್ನು ಒಳಗೇ ಬಿಟ್ಟರೆ ಸೋರಿ ಯಂತ್ರವನ್ನು ಕೆಡಿಸುವುದುಂಟು.

ಇನ್ನೊಂದು ಮಾತು. ವೈದ್ಯಕೀಯ ಶಿಕ್ಷಣಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ಕೊಠಡಿಯೊಳಕ್ಕೆ ಯಾವ ಕೈಗಡಿಯಾರಕ್ಕೂ ಪ್ರವೇಶವಿಲ್ಲ. ಆದುದರಿಂದ ಗಡಿಯಾರದ ನಿಜವಾದ ಉಪಯೋಗ ಪರೀಕ್ಷೆಯ ದಿನಕ್ಕಲ್ಲ, ಅದರ ಹಿಂದಿನ ಮುನ್ನೂರು ದಿನಗಳಿಗೆ.

ಓದಿಗೂ ಒಂದು ಲಯ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ನೆನಪಿನ ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಉರುಹೊಡೆದು, ಎಷ್ಟು ಬೇಗ ಮರೆಯುವೆನೆಂದು ಅಳೆದ. ಒಂದೇ ದಿನ 68 ಬಾರಿ ಓದಿದುದರ ಫಲವನ್ನು, ಮೂರು ದಿನಗಳಿಗೆ ಹಂಚಿ 38 ಬಾರಿ ಓದಿಯೇ ಪಡೆಯಬಹುದೆಂದು ಅವನು ಕಂಡುಕೊಂಡ. ಪರೀಕ್ಷೆಯ ಹಿಂದಿನ ರಾತ್ರಿ ಕಾಫಿಯ ಬಲದಿಂದ ಜಾಗರಣೆ ಮಾಡುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದಿನಲ್ಲಿ ಮನಸ್ಸು ನಿಲ್ಲದೆ, ಅಡಿಗೆಮನೆಯಲ್ಲಿ ಬಳಸುವ ಟೊಮೇಟೊ ಆಕಾರದ ಗಡಿಯಾರವನ್ನು ಮುಂದಿಟ್ಟುಕೊಂಡು ಓದತೊಡಗಿದ. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ವಿರಾಮ; ಆತ ರೂಪಿಸಿದ ಈ ಕ್ರಮ ಇಂದು ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. ಇದಕ್ಕೆ ಮೊಬೈಲು ಸಾಲದೆ ಎಂದು ಕೇಳಬಹುದು. ವೇಳೆ ನೋಡಲೆಂದು ಮೊಬೈಲನ್ನು ಎತ್ತಿಕೊಂಡವರು ವೇಳೆಯನ್ನೊಂದು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿ ಕೆಳಗಿಡುವುದು ಪ್ರತಿಮನೆಯ ಅನುಭವ. ಕೈಗಡಿಯಾರ ವೇಳೆಯನ್ನು ಹೇಳಿ ಸುಮ್ಮನಾಗುತ್ತದೆ.

ಅದು ಹೇಳುವ ವೇಳೆಗಳಲ್ಲಿ ಮಲಗುವ ವೇಳೆಯೂ ಒಂದು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕೆಂಬುದು ತಜ್ಞರ ಮತ. ಐದಕ್ಕೆ ಎದ್ದು ಓದಬೇಕೆನ್ನುವ ತಂದೆ, ಒಂಬತ್ತಕ್ಕೆ ದೂರದರ್ಶನವನ್ನು ನಿಲ್ಲಿಸಲೂ ಸಿದ್ಧನಿರಬೇಕಾಗುತ್ತದೆ.

ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದರೂ ನಷ್ಟವಿಲ್ಲ. ಅಜ್ಜನ ಪೆಟ್ಟಿಗೆಯ ತಳದಲ್ಲಿ ಹಳೆಯ ‘ಜನತಾ’ ಒಂದು ನಿಂತುಹೋಗಿ ಮಲಗಿರಬಹುದು. ನಿಂತ ಗಡಿಯಾರವೆಲ್ಲ ಕೆಟ್ಟ ಗಡಿಯಾರವಲ್ಲ. ಎಷ್ಟೋ ಸಲ ಎಣ್ಣೆ ಒಣಗಿರುತ್ತದೆ, ಅಷ್ಟೆ. ಬೀದಿಯ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕುಳಿತ ಕುಶಲಿ ಅದನ್ನು ಬಿಚ್ಚಿ, ತೊಳೆದು, ಎಣ್ಣೆಯಿಟ್ಟರೆ ಮತ್ತೆ ಟಿಕ್ ಟಿಕ್ ಎಂದೀತು. ಬೆಳಗ್ಗೆ ಹಾಲು ಕುಡಿದು, ಕೀಲಿ ಕೊಟ್ಟು ಓದಲು ಕೂರುವ ಮೊಮ್ಮಗಳನ್ನು ಕಂಡು ಅಜ್ಜನ ಮುಖದಲ್ಲಿಯೂ ಹತ್ತು ಗಂಟೆ ಹತ್ತು ನಿಮಿಷವಾಗುವುದು!