ಕಾಗದವಿಲ್ಲದ ಪುಸ್ತಕಕ್ಕೂ ಸರದಿ ಏಕೆ?

ಒಬ್ಬನು ಒಯ್ದ ಪುಸ್ತಕವು ಮರಳಿ ಬರುವ ತನಕ ಇನ್ನೊಬ್ಬನು ಕಾಯಬೇಕೆಂಬುದು ವಾಚನಾಲಯದ ಹಳೆಯ ನಿಯಮ. ಪುಸ್ತಕವು ಒಂದೇ, ಓದುವವರು ಹಲವರು; ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಮೊಬೈಲಿನಲ್ಲಿ ಓದುವ ಇ-ಪುಸ್ತಕಕ್ಕೂ ಸರದಿ ಕಾಯಬೇಕೆಂದರೆ ವಿದ್ಯಾರ್ಥಿಗಳಿಗೆ ಸೋಜಿಗವೆನಿಸೀತು. ಕ್ಷಣಾರ್ಧದಲ್ಲಿ ಸಾವಿರ ಪ್ರತಿಗಳಾಗಬಲ್ಲ ವಸ್ತುವಿಗೆ ಕೊರತೆ ಎಲ್ಲಿಯದು?

ಅಮೇರಿಕದ ಸಾರ್ವಜನಿಕ ಗ್ರಂಥಾಲಯಗಳ ಪದ್ಧತಿಯನ್ನು ನೋಡೋಣ. ಅಲ್ಲಿನ ಸದಸ್ಯರು ‘ಲಿಬ್ಬಿ’ ಎಂಬ ಆ್ಯಪಿನ ಮೂಲಕ ಮನೆಯಲ್ಲಿ ಕುಳಿತೇ ಪುಸ್ತಕವನ್ನು ಎರವಲು ಪಡೆಯುತ್ತಾರೆ. ಅವಧಿ ತೀರಿದೊಡನೆ ಅದು ತಾನಾಗಿಯೇ ಮರಳುತ್ತದೆ, ತಡವಾಯಿತೆಂಬ ದಂಡವಿಲ್ಲ. ಆದರೆ ಬಹುಮಟ್ಟಿಗೆ ಒಂದು ಪ್ರತಿಯನ್ನು ಒಮ್ಮೆಗೆ ಒಬ್ಬರೇ ಓದಬಹುದು.

ಕಾರಣವಿಷ್ಟೆ: ಅಚ್ಚಾದ ಪುಸ್ತಕವನ್ನು ಕೊಂಡರೆ ಅದು ಗ್ರಂಥಾಲಯದ ಸೊತ್ತು, ಹರಿದು ಹೋಗುವ ತನಕ ಎರವಲು ಕೊಡಬಹುದು. ಇ-ಪುಸ್ತಕದಲ್ಲಿ ಕೊಳ್ಳುವುದು ಸಾಮಾನ್ಯವಾಗಿ ಪುಸ್ತಕವನ್ನಲ್ಲ, ಪ್ರಕಾಶಕರ ಅನುಮತಿಯನ್ನು. 26 ಸಲ ಎರವಲು ಹೋದ ಮೇಲೆ ಆ ಅನುಮತಿಯು ಮುಗಿಯುವುದೆಂದು 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನವು ವಿಧಿಸಿತು. ಎಲ್ಲವೂ ಬಿಟ್ಟಿಯಾಗಿ ದೊರೆತರೆ ಲೇಖಕನ ಗತಿಯೇನೆಂಬುದು ಪ್ರಕಾಶಕರ ವಾದ. ಹಳೆಯದಕ್ಕೇ ಮತ್ತೆ ಮತ್ತೆ ತೆತ್ತರೆ ಹೊಸ ಪುಸ್ತಕಕ್ಕೆ ಹಣವೆಲ್ಲಿಯದೆಂಬುದು ಗ್ರಂಥಪಾಲಕರ ವಾದ. ಎರಡರಲ್ಲಿಯೂ ಸತ್ಯಾಂಶವಿದೆ. ‘ಇಂಟರ್ನೆಟ್ ಆರ್ಕೈವ್’ ಸಂಸ್ಥೆಯು ಅಚ್ಚಿನ ಪುಸ್ತಕಗಳನ್ನು ತಾನೇ ಸ್ಕ್ಯಾನ್ ಮಾಡಿ ಎರವಲು ಕೊಟ್ಟುದಕ್ಕಾಗಿ ನಾಲ್ವರು ಪ್ರಕಾಶಕರು ದಾವೆ ಹೂಡಿದರು. 2024ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಪ್ರಕಾಶಕರ ಪರವಾಯಿತು.

ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ವರ್ಷದ ತರುವಾಯ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿಯುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 1946ರಲ್ಲಿ ಗತಿಸಿದರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2006ರ ಅಂತ್ಯಕ್ಕೆ ಹಕ್ಕುಮುಕ್ತವಾದುವು. ಅವನ್ನು ಎಷ್ಟು ಮಂದಿಯಾದರೂ ಏಕಕಾಲಕ್ಕೆ ಓದಬಹುದು. ಕುವೆಂಪು ಅವರು ಗತಿಸಿದುದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಅಂತ್ಯದವರೆಗೆ ಇದೆ.

ಈ ಭೇದವನ್ನು ಪರನಾಡಿನ ಕನ್ನಡ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು. ಕನ್ನಡ ಪುಸ್ತಕದಂಗಡಿಯು ದೂರವಾದ ಈ ನಗರದಲ್ಲಿ ಪುಸ್ತಕವೇ ಕೈಗೆ ಬಂದು ಸೇರುವುದು ದೊಡ್ಡ ಭಾಗ್ಯ. ಐ.ಐ.ಟಿ. ಖರಗ್‌ಪುರವು ರೂಪಿಸಿದ ‘ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ’ದಲ್ಲಿ ಯಾರೂ ಶುಲ್ಕವಿಲ್ಲದೆ ಹುಡುಕಬಹುದು, ಕರ್ನಾಟಕದ ಗ್ರಂಥಾಲಯ ಇಲಾಖೆಯೂ ಡಿಜಿಟಲ್ ಗ್ರಂಥಾಲಯವನ್ನು ತೆರೆದಿದೆ. ಇಂತಹ ನ್ಯಾಯವಾದ ಬಾಗಿಲುಗಳನ್ನು ಮೊದಲು ತಟ್ಟೋಣ. ಫೋನಿನಿಂದ ಫೋನಿಗೆ ಹರಿದಾಡುವ ಕಳ್ಳಪ್ರತಿಯು ಸುಲಭವೇನೋ ನಿಜ. ಆದರೆ ಓದುಗರು ಕಡಮೆಯಿರುವ ಭಾಷೆಯಲ್ಲಿ ಬರೆಯುವವನ ಕೂಲಿಯನ್ನೂ ಕಸಿದರೆ ನಾಳೆ ನಮಗಾಗಿ ಬರೆಯುವವರಾರು? ಸರದಿಯಲ್ಲಿ ಕಾಯುವ ಆ ಕೆಲವು ದಿನಗಳು ಲೇಖಕನಿಗೆ ನಾವು ಸಲ್ಲಿಸುವ ಗೌರವವೆಂದೇ ತಿಳಿಯೋಣ.