ಇನ್‌ಸ್ಪೆಕ್ಟರ್ ಬೋರೇಗೌಡ ನಮಗೆ ಯಾಕೆ ಇಷ್ಟವಾಗ್ತಾನೆ?

ಅನಿತಾ ನಾಯರ್ ಇಂಗ್ಲಿಷಿನಲ್ಲಿ ಬರೆದ ಮೂರು ಕಾದಂಬರಿಗಳಲ್ಲಿ ಬೋರೇಗೌಡ ಎಂಬ ಪೊಲೀಸ್ ಅಧಿಕಾರಿ ಬರುತ್ತಾನೆ: ‘ಕಟ್ ಲೈಕ್ ವೂಂಡ್’ (2012), ‘ಚೈನ್ ಆಫ್ ಕಸ್ಟಡಿ’ (2016), ‘ಹಾಟ್ ಸ್ಟೇಜ್’ (2023). ವಯಸ್ಸು ಐವತ್ತರ ಆಸುಪಾಸು, ಓಡಿಸೋದು ಬುಲೆಟ್ಟು, ಮೇಲಧಿಕಾರಿಗಳ ಜೊತೆ ಸದಾ ಜಟಾಪಟಿ. ಇವನ ಠಾಣೆ ಇರೋದು ಬೆಂಗಳೂರಿನ ಅಂಚಿನಲ್ಲಿ, ನೀಲಗುಬ್ಬಿ ಅನ್ನೋ ಕಾಲ್ಪನಿಕ ಜಾಗದಲ್ಲಿ. ದೇವನಹಳ್ಳಿ, ಹೊಸಕೋಟೆ ಕಡೆಯವರು ಓದಿದರೆ ‘ಅರೆ, ಇದು ನಮ್ಮ ಪಕ್ಕದ ಠಾಣೆ’ ಅನ್ನಿಸುತ್ತೆ.

ಮೊದಲ ಪ್ರತಿಕ್ರಿಯೆ ಪ್ರೀತಿಯೇ. ಮನೆಗೆಲಸದವಳ ಹನ್ನೆರಡು ವರ್ಷದ ಮಗಳು ಕಾಣೆಯಾದಾಗ ನಿದ್ದೆಗೆಟ್ಟು ಹುಡುಕುವ ಅಧಿಕಾರಿಯನ್ನು ಯಾರು ತಾನೇ ಬೇಡ ಅಂತಾರೆ? ಇರಿಸುಮುರಿಸು ಶುರುವಾಗೋದು ಆಮೇಲೆ.

ಈ ‘ಹಾರ್ಡ್‌ಬಾಯಿಲ್ಡ್’ ಬಗೆ ಬೆಳೆದದ್ದು 1920ರ ದಶಕದ ಅಮೆರಿಕದಲ್ಲಿ, ‘ಬ್ಲ್ಯಾಕ್ ಮಾಸ್ಕ್’ನಂಥ ಅಗ್ಗದ ಪತ್ರಿಕೆಗಳಲ್ಲಿ. ಡ್ಯಾಶಿಯಲ್ ಹ್ಯಾಮೆಟ್‌ನ ‘ರೆಡ್ ಹಾರ್ವೆಸ್ಟ್’ (1929) ನೋಡಿ: ಪತ್ತೇದಾರ ಖಾಸಗಿಯವನು, ಊರಿನ ಪೊಲೀಸರೇ ಭ್ರಷ್ಟರು. ಅಂದರೆ ಪೊಲೀಸರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ಕತೆ ಇದು. ಪೊಲೀಸನೇ ನಾಯಕನಾದಾಗ ಆ ಅಪನಂಬಿಕೆ ಎಲ್ಲಿಗೆ ಹೋಗಬೇಕು? ಲೇಖಕರು ಅದನ್ನು ಮೇಲಧಿಕಾರಿಗಳ ತಲೆಗೆ ಕಟ್ಟುತ್ತಾರೆ. ಇಲಾಖೆ ಕೆಟ್ಟಿದೆ, ಇವನೊಬ್ಬ ಮಾತ್ರ ಒಳ್ಳೆಯವನು! ನಾವೂ ಒಪ್ಪಿಕೊಂಡು ಅವನ ಜೀಪು ಹತ್ತುತ್ತೇವೆ. ಒಮ್ಮೆ ಹತ್ತಿದ ಮೇಲೆ, ನಾಯಕ ಆರೋಪಿಗೆ ನಾಲ್ಕು ಬಿಗಿದರೆ ‘ಬೇಕಿತ್ತು ನನ್ಮಗನಿಗೆ’ ಅನ್ನೋದು ಸಲೀಸು. (ಸಿನಿಮಾದಲ್ಲಿ ಶಿಳ್ಳೆ, ಪುಸ್ತಕದಲ್ಲಿ ಮುಗುಳ್ನಗೆ, ಅಷ್ಟೇ ವ್ಯತ್ಯಾಸ.) ಬಂಧನಕ್ಕೊಳಗಾದವರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ನಿಯಮ ಹಾಕಿಕೊಟ್ಟಿದೆ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕು ಅಂತ 2020ರಲ್ಲಿ ಮತ್ತೆ ಹೇಳಿದೆ. ಕತೆಯ ಓಟದಲ್ಲಿ ಅದು ನಮಗೆ ನೆನಪಾಗಲ್ಲ.

ಜೀಪಿನ ಹೊರಗೆ ನಿಂತವರು ಓದಿದರೆ? ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು. 2025ರ ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆದಾಗ ಪೊಲೀಸರು ಹೋರಾಟಗಾರರನ್ನು ಎಳೆದು ವಾಹನಕ್ಕೆ ತುಂಬಿದರು. ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಈ ಕತೆಯಲ್ಲಿ ಹೆಣ ಇಲ್ಲ, ಕೊಲೆಗಾರ ಇಲ್ಲ, ಇರೋದು ಕೆಐಎಡಿಬಿ ನೋಟಿಸು. ಬೋರೇಗೌಡ ಎಷ್ಟೇ ಪ್ರಾಮಾಣಿಕನಾದರೂ ಅವತ್ತು ಅವನ ಡ್ಯೂಟಿ ಬ್ಯಾರಿಕೇಡಿನ ಆ ಕಡೆಗೇ ಬೀಳುತ್ತಿತ್ತು.

ಹಾಗಂತ ಓದಬೇಡಿ ಅಂತಲ್ಲ. ನಾಲ್ಕನೇ ಕ್ಲಾಸು ಓದಿದ್ದ ಎನ್. ನರಸಿಂಹಯ್ಯ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ನೂರಾರು ಕಾದಂಬರಿ ಬರೆದು, ಒಂದಿಡೀ ತಲೆಮಾರಿಗೆ ಕನ್ನಡ ಓದುವ ಚಟ ಹತ್ತಿಸಿದರು. ಪಂಡಿತರು ಮೂಗು ಮುರಿದರು, ಜನ ಓದಿದರು. ಆ ಜೂನ್ 25ರ ಬಂದೋಬಸ್ತಿಗೆ ನಿಂತ ಒಬ್ಬ ಕಾನ್‌ಸ್ಟೇಬಲ್, ಅವನೂ ರೈತರ ಮನೆಯ ಹುಡುಗನೇ, ಅವನ ಕಣ್ಣಲ್ಲಿ ಆ ದಿನದ ಕತೆಯನ್ನು ಯಾರಾದರೂ ಕನ್ನಡದಲ್ಲಿ ಬರೆದರೆ, ಮೊದಲ ಪ್ರತಿ ನನಗಿರಲಿ.