ಭಟ್ಟಿಯ ಹೊಗೆ, ಧ್ರುವದ ಗಾಳಿ: ಎರಡರಲ್ಲೂ ಒಂದೇ ಸಕ್ಕರೆ!

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಒಂದು ಗಳಿಗೆ ನಿಲ್ಲಿ. ಒಲೆಯಲ್ಲಿ ಭತ್ತದ ಹೊಟ್ಟು ಧಗಧಗ ಉರಿಯುತ್ತದೆ. ಕಾದ ಮರಳಿಗೆ ಬಿದ್ದ ಅಕ್ಕಿ ಚಟಪಟ ಅರಳಿ ಬೆಳ್ಳಗೆ ಉಬ್ಬುತ್ತದೆ. ಮೇಲೆ ಹೊಗೆ ಏಳುತ್ತದೆ. ಆ ಹೊಗೆಯಲ್ಲೊಂದು ಸಕ್ಕರೆ ಇದೆ ಎಂದರೆ ನಂಬುತ್ತೀರಾ? ಅದೇ ಸಕ್ಕರೆ ಉತ್ತರ ಧ್ರುವದ ಹತ್ತಿರದ ಗಾಳಿಯಲ್ಲೂ ಸಿಕ್ಕಿದೆ!

ಅದರ ಹೆಸರು ಲೆವೊಗ್ಲುಕೋಸಾನ್. ಹೊಟ್ಟು, ಸೌದೆ, ಹುಲ್ಲು, ಈ ಊರಿನ ಗಿರಣಿಗಳಿಗೆ ಹೆಸರು ತಂದ ಹತ್ತಿ, ಎಲ್ಲದರಲ್ಲೂ ಇರುವುದು ಸೆಲ್ಯುಲೋಸ್. ಶಾಖ 300 ಡಿಗ್ರಿ ದಾಟಿದರೆ ಸೆಲ್ಯುಲೋಸ್ ಒಡೆದು ಈ ಸಕ್ಕರೆ ಹುಟ್ಟುತ್ತದೆ. ಪೆಟ್ರೋಲು, ಡೀಸೆಲ್ ಎಷ್ಟು ಸುಟ್ಟರೂ ಇದು ಹುಟ್ಟದು. ಹಾಗಾಗಿ ಗಾಳಿಯಲ್ಲಿ ಇದು ಕಂಡಿತೆಂದರೆ ಎಲ್ಲೋ ಗಿಡಮರ ಉರಿದಿದೆ ಎಂಬುದಕ್ಕೆ ಅದು ಬಲವಾದ ಸುಳಿವು.

ಈಗ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಬನ್ನಿ. ಧ್ರುವದಿಂದ ಸುಮಾರು 1,200 ಕಿ.ಮೀ. ದೂರದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ದೇಶದ ‘ಹಿಮಾದ್ರಿ’ ಕೇಂದ್ರವಿದೆ. ಪಕ್ಕದ ಜೆಪ್ಪೆಲಿನ್ ಬೆಟ್ಟದ ಮೇಲೆ ಗಾಳಿಯನ್ನೇ ಪರೀಕ್ಷಿಸುವ ವೀಕ್ಷಣಾಲಯವಿದೆ. ಪಂಪು ಗಾಳಿ ಎಳೆಯುತ್ತದೆ, ಬಿಳಿ ಶೋಧಕ ಹಾಳೆ ಕಣಗಳನ್ನು ಹಿಡಿಯುತ್ತದೆ. ಹಾಳೆಯ ಒಂದು ಚೂರನ್ನು ದ್ರಾವಕದಲ್ಲಿ ನೆನೆಸಿ ಯಂತ್ರಕ್ಕೆ ಕೊಟ್ಟರೆ ಅಣುಗಳ ಗುರುತು ಒಂದೊಂದಾಗಿ ಬಯಲಾಗುತ್ತದೆ. ಸೋಡಿಯಂ, ಕ್ಲೋರೈಡ್ ಕಂಡರೆ ಅಲೆಯ ತುಂತುರು. ಮೀಥೇನ್‌ಸಲ್ಫೋನಿಕ್ ಆಮ್ಲ ಕಂಡರೆ ಕಡಲಿನ ಸೂಕ್ಷ್ಮ ಪಾಚಿಯಿಂದ ಹೊರಟ ಅನಿಲ. ಲೆವೊಗ್ಲುಕೋಸಾನ್ ಕಂಡರೆ ಬೆಂಕಿ! ಸುತ್ತ ಎತ್ತರಕ್ಕೆ ಬೆಳೆದ ಮರ ಒಂದೂ ಇಲ್ಲ, ಆದರೂ ಗಾಳಿಯಲ್ಲಿ ಮರ ಉರಿದ ಸುಳಿವು! ಆರ್ಕ್ಟಿಕ್‌ನಿಂದ ಅಂಟಾರ್ಕ್ಟಿಕದವರೆಗೆ ಹಡಗಿನಲ್ಲಿ ಹಿಡಿದ ಕಡಲ ಗಾಳಿಯಲ್ಲೂ ಈ ಸಕ್ಕರೆ ಸಿಕ್ಕಿತೆಂದು 2013ರಲ್ಲಿ ಪ್ರಕಟವಾಯಿತು.

ಇತ್ತ ದಾವಣಗೆರೆಯ ಪಕ್ಕದ ಹರಿಹರದಲ್ಲಿ 1224ರಲ್ಲಿ ಕಟ್ಟಿದ ಗುಡಿಯೊಳಗೆ ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಕಣ್ಣಿಗೆ ಕಾಣದ ಧೂಳಿನ ಕಣವೂ ಹಾಗೆಯೇ: ಒಂದೇ ಕಣದಲ್ಲಿ ಕಡಲಿನ ಉಪ್ಪೂ ಇರಬಹುದು, ಕಾಡಿನ ಮಸಿಯೂ ಇರಬಹುದು. ಆ ಮಸಿ ಹಿಮದ ಮೇಲೆ ಕೂತರೆ ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿ ದಾವಣಗೆರೆಯೂ ಇದೆ. ಇಲ್ಲಿ ರಸಾಯನಶಾಸ್ತ್ರ ಓದುತ್ತಿರುವ ಮಕ್ಕಳೇ, ಧ್ರುವದ ಗಾಳಿಯನ್ನು ಓದುವ ವಿದ್ಯೆಯೇ ನಿಮ್ಮ ಬೀದಿಯ ಗಾಳಿಯನ್ನೂ ಓದುತ್ತದೆ. ಅದನ್ನು ಕಲಿಯಿರಿ. ಮೊದಲ ಶೋಧಕ ಹಾಳೆಯನ್ನು ಭಟ್ಟಿಯ ಪಕ್ಕದ ಮನೆಯ ಮಾಳಿಗೆಯ ಮೇಲೆ ಇಡಿ.